ಅಮ್ಮಿಯ ಮುಷ್ಟಿ, ಕಮಲಾಬಾಯಿಯ ವಾಟಿ

ಕಳೆದ ರಮಝಾನ್‌ನ ಹತ್ತನೆಯ ಉಪವಾಸವಿರಬೇಕು. ಅಸರ್ ನಮಾಝ್ ಮುಗಿಸಿ ಸಮೋಸಾದ ಹಿಟ್ಟು ನಾದುತ್ತಾ ಕುಳಿತಿದ್ದೆ. ಬೆಂಗಳೂರಿನಲ್ಲಿರುವ ಮಗಳ ಫೋನು ಬಂತು.

"ಅಮ್ಮೀ, ಇವತ್ತು ನಾನಿಯ ಖಟ್ಟಾ ಸಾಲನ್ ಮಾಡೋಣ ಅಂತ ಮಟನ್ ತರಿಸಿದ್ದೀನಿ. ಆಮಸೋಲ ಎಷ್ಟು ಹಾಕಲಿ?"

"ಹಾಕು, ಅಂದಾಜಿಗೆ ಒಂದಿಷ್ಟು."

"ಒಂದಿಷ್ಟು ಅಂದರೆ ನಾಲ್ಕಾ? ಹತ್ತಾ?"

ನಾನು ನಾದುವುದನ್ನು ನಿಲ್ಲಿಸಿ ಯೋಚಿಸಿದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಡಬ್ಬಿಗೆ ಕೈ ಹಾಕುತ್ತೇನೆ, ಬಂದಷ್ಟು ತೆಗೆಯುತ್ತೇನೆ, ಒಂದೆರಡನ್ನು ವಾಪಸ್ ಹಾಕುತ್ತೇನೆ, ಉಳಿದದ್ದನ್ನು ನೆನೆಹಾಕುತ್ತೇನೆ. ಎಣಿಸಿದವರು ಯಾರು? "ರುಚಿ ನೋಡಿಕೊಂಡು ಹಾಕು" ಎಂದೆ. ಅವಳಿಗೆ ಸಿಟ್ಟು ಬಂತು. "ಉಪವಾಸದಲ್ಲಿ ರುಚಿ ನೋಡೋದು ಹೇಗಮ್ಮೀ? ನಿಮ್ಮ ಅಂದಾಜೆಲ್ಲಾ ನಿಮ್ಮ ಕೈಯಲ್ಲೇ ಇರುತ್ತೆ, ಫೋನಿನಲ್ಲಿ ಬರೋದಿಲ್ಲ" ಎಂದು ಇಟ್ಟುಬಿಟ್ಟಳು.

ಆ ದಿನ ಸಾಲನ್ ಬಾಯಿಗಿಡಲಾಗದಷ್ಟು ಹುಳಿಯಾಯಿತಂತೆ. ಅಳಿಯ ಪಾಪ, ಮಾತಾಡದೆ ಅನ್ನಕ್ಕೆ ಮೊಸರು ಕಲಸಿಕೊಂಡು ಉಂಡು ತರಾವೀಹ್‌ಗೆ ಹೋದರಂತೆ. ರಾತ್ರಿ ಅವಳೇ ಮತ್ತೆ ಫೋನು ಮಾಡಿ ಇದನ್ನೆಲ್ಲಾ ಹೇಳಿದಾಗ ಇಬ್ಬರೂ ನಕ್ಕೆವು. ಫೋನು ಇಟ್ಟ ಮೇಲೆ ಮಾತ್ರ ನನಗೆ ನಿದ್ದೆ ಹತ್ತಲಿಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು ನಾನು ನನ್ನ ಅಮ್ಮಿಗೆ ಕೇಳಿದ್ದೆ, ಇದೇ ಉತ್ತರ ಪಡೆದು ಹೀಗೆಯೇ ಸಿಟ್ಟಾಗಿದ್ದೆ. ಅಮ್ಮಿ ತೀರಿಕೊಂಡು ವರ್ಷಗಳಾದವು. ಅಲ್ಲಾಹು ಅವರ ಕಬ್ರನ್ನು ವಿಶಾಲಗೊಳಿಸಲಿ. ಇನ್ನೊಂದು ಗುಟ್ಟು ಮಗಳಿಗೆ ಗೊತ್ತಿಲ್ಲ. ನಾನಿಯ ಖಟ್ಟಾ ಸಾಲನ್ ಎಂದು ಅವಳು ಹೇಳುತ್ತಾಳಲ್ಲ, ನಾನು ಮಾಡುವ ಆ ಸಾಲನ್ ನಾನಿಯದಲ್ಲ. ಅಮ್ಮಿಯ ರುಚಿ ನನ್ನ ಕೈಗೆ ಒಂದು ದಿನವೂ ಬಂದಿಲ್ಲ.

ನನ್ನ ತವರು ಖಾನಾಪುರ, ಕೊಟ್ಟ ಮನೆ ಬೆಳಗಾವಿಯ ದರ್ಬಾರ್ ಗಲ್ಲಿ. ನಡುವೆ ಇಪ್ಪತ್ತಾರು ಕಿಲೊಮೀಟರು ಅಷ್ಟೇ. ಆದರೂ ಅಡುಗೆಮನೆ ಬೇರೆಯೇ. ಬೆಳಗಾವಿಯಲ್ಲಿ ಹುಳಿಗೆ ಹುಣಸೆಹಣ್ಣು. ಖಾನಾಪುರದಲ್ಲಿ ಜಾಂಬೋಟಿ, ಕಣಕುಂಬಿಯ ಕಾಡಿನ ಕಡೆಯಿಂದ ಬರುವ ಆಮಸೋಲ. ಮಂಗಳೂರಿನ ಸಹೋದರಿಯರು ಪುನರ್ಪುಳಿ ಎನ್ನುತ್ತಾರಲ್ಲ, ಅದರ ಒಣಸಿಪ್ಪೆ. ನಮ್ಮ ಓಣಿಯಲ್ಲಿ ನಮ್ಮ ಮನೆಯ ಮಾತು ದಖನಿ, ಪಕ್ಕದ ಮನೆಯದು ಮರಾಠಿ, ಎದುರಿನದು ಕೊಂಕಣಿ, ಕಚೇರಿಗೆ ಹೋದರೆ ಕನ್ನಡ. ನಾನು ನಾಲ್ಕನೆಯ ತರಗತಿಯ ತನಕ ಮರಾಠಿ ಶಾಲೆಯಲ್ಲಿ ಕಲಿತು ಐದನೆಯದಕ್ಕೆ ಕನ್ನಡ ಶಾಲೆಗೆ ಬಂದವಳು. ಈ ನಾಲ್ಕು ವರ್ಷದ ಮರಾಠಿಯೇ ಮುಂದೆ ನನ್ನ ಅಡುಗೆಗೆ ಉಪಯೋಗವಾಯಿತು.

1986ರಲ್ಲಿ ನನ್ನ ನಿಕಾಹ್ ಆಯಿತು. ಬಂದವರು ಸ್ಟೀಲಿನ ಡಬ್ಬಿ, ಗೋಡೆ ಗಡಿಯಾರ, ಟೀ ಸೆಟ್ಟು ಕೊಟ್ಟರು. ಪಕ್ಕದ ಮನೆಯ ಕಾಕು ಮಾತ್ರ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಪುಸ್ತಕ ಕೊಟ್ಟರು. ಬಿಚ್ಚಿದರೆ 'ರುಚಿರಾ'. ಬರೆದವರು ಕಮಲಾಬಾಯಿ ಓಗಲೆ. "ನನ್ನ ಮಗಳಿಗೂ ಇದನ್ನೇ ಕೊಟ್ಟೆ, ನಿನಗೂ ಇದನ್ನೇ ಕೊಡ್ತೀನಿ. ಗಂಡನ ಮನೆಗೆ ಹೋಗುವ ಹುಡುಗಿಯ ಹತ್ತಿರ ಇದು ಇರಬೇಕು" ಎಂದರು. ಅಬ್ಬಾ ಅದನ್ನು ತಿರುವಿ ಹಾಕಿ, "ನಮ್ಮ ಹುಡುಗಿ ಇನ್ನು ಬೀಗರಿಗೆ ಪುರಣಪೋಳಿ ಮಾಡಿ ಹಾಕ್ತಾಳೆ" ಎಂದು ನಕ್ಕಿದ್ದರು. ಅಬ್ಬಾನ ಮಾತು ಸುಳ್ಳಾಗಲಿಲ್ಲ. ಅತ್ತೆಯವರ ಮನೆಯಲ್ಲಿ ನನ್ನ ಹೆಸರು ಮೊದಲು ನಿಂತದ್ದು ಪುರಣಪೋಳಿ ಮತ್ತು ಚಕ್ಕುಲಿಯಿಂದಲೇ.

ಬಹಳ ವರ್ಷ ನಾನು ಆ ಪುಸ್ತಕವನ್ನು ಬಳಸಿದೆನೇ ಹೊರತು ಬರೆದವರ ಬಗ್ಗೆ ಯೋಚಿಸಿರಲಿಲ್ಲ. ಮಗಳ ಫೋನಿನ ನಂತರ ಯೋಚಿಸತೊಡಗಿದೆ.

ಕಮಲಾಬಾಯಿ ಓಗಲೆ ಹುಟ್ಟಿದ್ದು 1913ರಲ್ಲಿ, ಈಗಿನ ಸಾಂಗಲಿ ಜಿಲ್ಲೆಯ ಕುಂಡಲ್ ಎಂಬ ಹಳ್ಳಿಯಲ್ಲಿ. ಶಾಲೆಯ ಓದು ನಾಲ್ಕನೆಯ ತರಗತಿಗೆ ಮುಗಿಯಿತು. ಆ ಕಾಲದ ಹೆಣ್ಣುಮಕ್ಕಳಿಗೆ ಅಷ್ಟು ಸಿಕ್ಕಿದರೂ ದೊಡ್ಡದು. ಮದುವೆಯಾಗಿ ಹೋದ ಮೇಲೆ ಅಡುಗೆ ಕಲಿತದ್ದು ಅತ್ತೆಯವರ ಕೈಯಲ್ಲಿ. ಹೀಗೆ ಒಲೆಯ ಮುಂದೆ ಕಲಿತದ್ದನ್ನೆಲ್ಲ ಒಂದು ದೊಡ್ಡ ಪುಸ್ತಕವಾಗಿಸಿ ಲೋಕಕ್ಕೆ ಕೊಟ್ಟದ್ದು 1970ರಲ್ಲಿ. ಆಗ ಅವರಿಗೆ ಐವತ್ತೇಳು ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಹೆಂಗಸರು, "ಇನ್ನು ನನ್ನದೇನಿದೆ, ಸೊಸೆಯಂದಿರು ನೋಡಿಕೊಳ್ಳುತ್ತಾರೆ" ಎಂದು ಸೌಟು ಕೆಳಗಿಡುತ್ತಾರೆ. ಆ ಪುಸ್ತಕ ಲಕ್ಷಕ್ಕೂ ಮಿಕ್ಕಿ ಪ್ರತಿ ಖರ್ಚಾಯಿತು. ಮರಾಠಿ ಮನೆಗಳಲ್ಲಿ ಅವರನ್ನು ಲಕ್ಷ ಸೊಸೆಯಂದಿರ ಅತ್ತೆ ಎಂದು ಪ್ರೀತಿಯಿಂದ ಕರೆದರು. ಅವರು ತೀರಿಕೊಂಡದ್ದು 1999ರಲ್ಲಿ.

ಇಲ್ಲಿ ಬೆಳಗಾವಿಯವರಿಗೆ ಸಂತೋಷವಾಗುವ ಒಂದು ವಿಷಯ ಹೇಳಬೇಕು. ಆ ಪುಸ್ತಕವನ್ನು ಮೊದಲು ಹೊರತಂದದ್ದು ಕಿರ್ಲೋಸ್ಕರ ಪ್ರಕಾಶನ. ಕಿರ್ಲೋಸ್ಕರ ಎಂದರೆ ಹೊಲದ ಪಂಪು, ನೇಗಿಲು ಎಂದಷ್ಟೇ ನಾವು ತಿಳಿದಿದ್ದೇವೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, 1869ರಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡತೊಡಗಿದರು. ಇದ್ದ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ನಿನ ಹತ್ತಿರ ಭೂಮಿ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮೂರು ವರ್ಷದ ನಂತರ ಅದೇ ಕುಂಡಲ್‌ನಲ್ಲಿ ಕಮಲಾಬಾಯಿ ಹುಟ್ಟಿದರು. ಆ ಕಾರ್ಖಾನೆಯವರು 1920ರಲ್ಲಿ ಒಂದು ಪತ್ರಿಕೆ ಶುರುಮಾಡಿದರು, 1930ರಲ್ಲಿ 'ಸ್ತ್ರೀ' ಎಂಬ ಮಹಿಳಾ ಮಾಸಿಕ ತಂದರು. ನಮ್ಮ ಊರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಮನೆತನದ ಪ್ರೆಸ್ಸಿನಿಂದ ಬಂದ ಪುಸ್ತಕ ತಿರುಗಿ ನಮ್ಮ ಊರಿಗೇ ಬಂದು ನನ್ನ ಒಲೆಯ ಪಕ್ಕ ಕೂತಿತು ಎಂದುಕೊಂಡರೆ ವಿಚಿತ್ರವೆನಿಸುತ್ತದೆ.

ಆ ಪುಸ್ತಕದಲ್ಲಿ ಅಂಥದ್ದೇನಿತ್ತು? ವಾಟಿ ಮತ್ತು ಚಮಚ. ಅಷ್ಟೇ. ವಾಟಿ ಎಂದರೆ ನಮ್ಮ ಕಡೆ ಸಣ್ಣ ಬಟ್ಟಲು, ಆಮಟಿ ಹಾಕಿಕೊಳ್ಳುವಂಥದ್ದು. ಗ್ರಾಮಿನ ಲೆಕ್ಕ ಹೇಳಿದ್ದರೆ ನಮ್ಮ ಮನೆಗಳಲ್ಲಿ ತಕ್ಕಡಿ ಎಲ್ಲಿತ್ತು? ಸೇರು, ಪಾವು ಎಂದಿದ್ದರೆ ನಮ್ಮ ನಂತರದವರಿಗೆ ಅರ್ಥವಾಗುತ್ತಿರಲಿಲ್ಲ. ಮುಷ್ಟಿ, ಚಿಟಿಕೆ ಎಂದಿದ್ದರೆ ಅದು ಮತ್ತೆ ಅಮ್ಮಿಯ ಅಂದಾಜೇ ಆಗುತ್ತಿತ್ತು. ಬಡವರ ಮನೆಯಲ್ಲೂ ಇರುವ ಒಂದು ಬಟ್ಟಲು, ಒಂದು ಚಮಚ ಹಿಡಿದು ಕಮಲಾಬಾಯಿ ಲೆಕ್ಕ ಹೇಳಿದರು.

ಇದನ್ನು ನಾನು ತಿಳಿದುಕೊಂಡದ್ದೂ ಒಂದು ಅವಮಾನದ ನಂತರವೇ. ಮದುವೆಯಾದ ಹೊಸದು. ಪುಸ್ತಕ ನೋಡಿ ಶಂಕರಪಾಳಿ ಮಾಡಲು ಹೋದೆ. ಮೈದಾ ಅಳೆದದ್ದು ಒಂದು ವಾಟಿಯಲ್ಲಿ, ಅದು ಹಿಟ್ಟಾಯಿತೆಂದು ಸಕ್ಕರೆ ಅಳೆದದ್ದು ಶೆಲ್ಫಿನಲ್ಲಿದ್ದ ಇನ್ನೊಂದು ದೊಡ್ಡ ವಾಟಿಯಲ್ಲಿ. ಎಣ್ಣೆಗೆ ಬಿಟ್ಟೊಡನೆ ಎಲ್ಲಾ ಕರಗಿ ಕಡಾಯಿಯ ತುಂಬ ಚೂರುಚೂರು. ನಾದಿನಿಯರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಅತ್ತೆಯವರು ಮಾತ್ರ ನಗಲಿಲ್ಲ. ಎರಡು ವಾಟಿಗಳನ್ನೂ ಪಕ್ಕಪಕ್ಕ ಇಟ್ಟು, "ಪುಸ್ತಕ ಸುಳ್ಳು ಹೇಳಿಲ್ಲ ಬೇಟಿ, ನಿನ್ನ ವಾಟಿಗಳು ಜಗಳಾಡ್ಯಾವ" ಎಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ವಾಟಿಯ ಗಾತ್ರ ಮುಖ್ಯವಲ್ಲ, ಒಂದೇ ವಾಟಿ ಎಲ್ಲದಕ್ಕೂ ಇರುವುದು ಮುಖ್ಯ ಎಂಬುದು ಒಂದೇ ನೋಟಕ್ಕೆ ತಿಳಿದುಬಿಟ್ಟಿತ್ತು. ಟಿವಿ ಧಾರಾವಾಹಿಗಳಲ್ಲಿ ಅತ್ತೆಯೆಂದರೆ ವಿಷ ಹಾಕುವವಳು. ಕಮಲಾಬಾಯಿಗೆ ಕಲಿಸಿದವರೂ ಅತ್ತೆ, ನನಗೆ ದಾಲ್ಚಾ ಕಲಿಸಿದವರೂ ಅತ್ತೆ. ರಮಝಾನ್‌ನ ಕೊನೆಯ ವಾರ ನಾನಖಟಾಯಿಯ ಹಿಟ್ಟು ಕಲಸಿ, ತಟ್ಟೆಗಳಲ್ಲಿ ಜೋಡಿಸಿ, ಬೇಕರಿಯ ಭಟ್ಟಿಗೆ ಕಳಿಸಿ ಬೇಯಿಸಿ ತರಿಸುವ ಕೆಲಸವನ್ನು ಕೈಹಿಡಿದು ಕಲಿಸಿದವರೂ ಅವರೇ. ಇಂಥವರ ಮೇಲೆ ಯಾರೂ ಧಾರಾವಾಹಿ ತೆಗೆಯುವುದಿಲ್ಲ.

ರಮಝಾನ್ ಈದ್‌ಗೆ ಮಗಳು ಬಂದಾಗ ಬೆಂಗಳೂರಿನ ಹಳೆ ಪುಸ್ತಕದ ಅಂಗಡಿಯಿಂದ ಒಂದು ದಪ್ಪ ಪುಸ್ತಕ ತಂದಳು. ಇಟ್ಟಿಗೆಯ ಹಾಗೆ ಭಾರ. "ಅಮ್ಮೀ, ಇದು ಫ್ರಾನ್ಸಿನ ರುಚಿರಾ" ಎಂದಳು. ಫ್ರೆಂಚ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ನನಗೆ ಅಡುಗೆ ಬರುತ್ತದೆ' ಎಂದು. ಬರೆದವರು ಜಿನೆಟ್ ಮಾತಿಯೋ ಎಂಬ ಪ್ಯಾರಿಸ್ಸಿನ ಹೆಣ್ಣುಮಗಳು, 1907ರಲ್ಲಿ ಹುಟ್ಟಿದವರು. ಹುಡುಗಿಯರಿಗೆ ಗೃಹವಿಜ್ಞಾನ ಕಲಿಸುವ ಶಿಕ್ಷಕಿಯಾಗಿದ್ದರು, ಮುಂದೆ ಆ ಶಿಕ್ಷಣದ ಇನ್ಸ್‌ಪೆಕ್ಟರ್ ಕೂಡ ಆದರು. 1932ರಲ್ಲಿ ಈ ಪುಸ್ತಕ ಬಂದಾಗ ಅವರಿಗೆ ಬರೀ ಇಪ್ಪತ್ತೈದು ವರ್ಷ. ಸಾವಿರಕ್ಕೂ ಹೆಚ್ಚು ಅಡುಗೆಗಳು. ಹೋಟೆಲಿನ ಬಾಣಸಿಗರಿಗಲ್ಲ, ದಿನಾ ಬೆಳಗಾದರೆ ಇವತ್ತು ಏನು ಮಾಡಲಿ ಎಂದು ನಿಲ್ಲುವ ಮನೆಯ ಹೆಂಗಸಿಗೆ ಬರೆದದ್ದು. ಫ್ರಾನ್ಸಿನ ಮನೆಗಳಲ್ಲಿ ತಾಯಿ ಮಗಳಿಗೆ ಇದನ್ನು ಕೊಡುತ್ತಾ ಬಂದು ಲಕ್ಷಗಟ್ಟಲೆ ಪ್ರತಿಗಳು ಖರ್ಚಾದವು. ಸಿಹಿತಿಂಡಿಗೆ ಬೇರೆ, ಹಣ್ಣು ತರಕಾರಿ ಕೆಡದಂತೆ ಇಡುವುದಕ್ಕೆ ಬೇರೆ ಪುಸ್ತಕಗಳನ್ನೂ ಅವರು ಬರೆದರು. ಇಂಗ್ಲಿಷಿಗೆ ಬಂದದ್ದು ಬಹಳ ತಡವಾಗಿ, 2009ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. 1998ರಲ್ಲೇ ತೀರಿಕೊಂಡಿದ್ದರು, ನಮ್ಮ ಕಮಲಾಬಾಯಿಗಿಂತ ಒಂದು ವರ್ಷ ಮುಂಚೆ.

ನನ್ನ ಇಂಗ್ಲಿಷ್ ಕುಂಟುತ್ತದೆ. ಮಗಳು ಓದಿ ಹೇಳಿದಳು. ಹಂದಿಮಾಂಸದ ಪುಟಗಳನ್ನೂ, ದ್ರಾಕ್ಷಾಮದ್ಯ ಸುರಿಯುವ ಪುಟಗಳನ್ನೂ ಹಾರಿಸುತ್ತಾ ಹೋದೆವು. ಉಳಿದ ಪುಟಗಳೂ ಕಡಿಮೆಯೇನಿಲ್ಲ. ಸೊಪ್ಪು, ಮೊಟ್ಟೆ, ಆಲೂಗಡ್ಡೆ, ಹಾಲು, ಹಳಸಿದ ಬ್ರೆಡ್ಡಿಗೂ ಒಂದು ದಾರಿ. ಪ್ರತಿಯೊಂದಕ್ಕೂ ಎಷ್ಟು ಸಾಮಾನು, ಎಷ್ಟು ಹೊತ್ತು ಬೇಯಬೇಕು ಎಂಬ ಲೆಕ್ಕ. ಒಬ್ಬ ಟೀಚರಮ್ಮ ಬೋರ್ಡಿನ ಮೇಲೆ ಬರೆದ ಹಾಗೆ.

ಜಿನೆಟ್ ಮತ್ತು ಕಮಲಾಬಾಯಿ ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಿಕ್ಕಿಲ್ಲ. ಮಗಳಿಗೆ ಜಿನೆಟ್ ಇಷ್ಟ, ಇಪ್ಪತ್ತೈದಕ್ಕೇ ಅಷ್ಟು ದೊಡ್ಡ ಕೆಲಸ ಮಾಡಿದ್ದಕ್ಕೆ. ನನ್ನ ಮನಸ್ಸು ಕಮಲಾಬಾಯಿಯ ಕಡೆಗೇ ವಾಲುತ್ತದೆ. ಜಿನೆಟ್ ಓದಿದವರು, ಶಾಲೆ ಇತ್ತು, ಪಾಠದ ಪದ್ಧತಿ ಇತ್ತು, ಅಳೆಯುವುದನ್ನು ಅವರಿಗೆ ಕಲಿಸಲಾಗಿತ್ತು. ಕಮಲಾಬಾಯಿ ನಾಲ್ಕನೇ ತರಗತಿಯ ಅಕ್ಷರ ಹಿಡಿದುಕೊಂಡು, ಯಾರೂ ಅಳೆಯದಿದ್ದ ಕೈಯನ್ನು ಅಳೆದರು. ಅತ್ತೆಯ ಮುಷ್ಟಿಯಿಂದ ವಾಟಿಗೆ ಬರುವುದು ಸಣ್ಣ ದಾರಿಯಲ್ಲ. ಅದನ್ನು ನಾನು ಆಮೇಲೆ ಖಾನಾಪುರದಲ್ಲಿ ಅನುಭವಿಸಿಯೇ ತಿಳಿದೆ.

ಅಡುಗೆಯ ಪುಸ್ತಕ ನಮ್ಮ ದೇಶಕ್ಕೆ ಹೊಸದಲ್ಲ. ಕನ್ನಡದಲ್ಲೇ ಮಂಗರಸನ 'ಸೂಪಶಾಸ್ತ್ರ' ಹದಿನಾರನೆಯ ಶತಮಾನದ ಆರಂಭದ್ದು. ಅದೇ ಸುಮಾರಿಗೆ ಮಾಳವದ ಸುಲ್ತಾನರು 'ನಿಅಮತ್‌ನಾಮಾ' ಎಂಬ ಚಿತ್ರಗಳ ಸಹಿತದ ಅಡುಗೆ ಗ್ರಂಥ ಬರೆಸಿದ್ದರು. ಆದರೆ ಅವೆಲ್ಲಾ ಗಂಡಸರು ಬರೆದ ಅಥವಾ ಬರೆಸಿದ ಅಡುಗೆ. ದಿನಕ್ಕೆ ಮೂರು ಹೊತ್ತು ಒಲೆ ಊದಿದವಳ ಹೆಸರು ಅದರಲ್ಲಿಲ್ಲ. ಅವಳ ಹೆಸರು ಪುಸ್ತಕದ ಮುಖಪುಟಕ್ಕೆ ಬರಲು ನಮ್ಮ ಕಾಲವೇ ಬರಬೇಕಾಯಿತು. ಮುಂಬಯಿಯ ತರ್ಲಾ ದಲಾಲ್ 1966ರಲ್ಲಿ ಮನೆಯಲ್ಲೇ ಅಡುಗೆ ತರಗತಿ ಶುರುಮಾಡಿ, 1974ರಲ್ಲಿ ಮೊದಲ ಪುಸ್ತಕ ತಂದು, 2007ರಲ್ಲಿ ಪದ್ಮಶ್ರೀ ಪಡೆದದ್ದು ಎಲ್ಲರಿಗೂ ಗೊತ್ತು. ನಮ್ಮ ಸಮುದಾಯದ ಉಮ್ಮಿ ಅಬ್ದುಲ್ಲಾ ಅವರ ಹೆಸರು ಅಷ್ಟು ಜನರಿಗೆ ಗೊತ್ತಿಲ್ಲ. ಅವರು ಕೋಝಿಕ್ಕೋಡ್ ಕಡೆಯವರು. ಮಲಬಾರಿನ ಮಾಪಿಳ್ಳೆ ಮನೆಗಳ ಅಡುಗೆಯನ್ನು ಬರೆದಿಟ್ಟ ಅವರ ಇಂಗ್ಲಿಷ್ ಪುಸ್ತಕ 1993ರಲ್ಲಿ ಬಂತು. ಅವರ ಪತಿ ವಿ. ಅಬ್ದುಲ್ಲಾ ಅವರು ವೈಕಂ ಮುಹಮ್ಮದ್ ಬಷೀರರ ಕಥೆಗಳನ್ನು ಇಂಗ್ಲಿಷಿಗೆ ತಂದವರು. ಗಂಡ ಬಷೀರರ ಮಾತನ್ನು ಇನ್ನೊಂದು ಭಾಷೆಗೆ ದಾಟಿಸಿದರೆ, ಹೆಂಡತಿ ತರವಾಡು ಮನೆಯ ಪತ್ತಿರಿ, ಬಿರಿಯಾನಿಗಳನ್ನು ದಾಟಿಸಿದರು. ಮಲಬಾರಿನ ಅಡುಗೆಗೆ ಹೀಗೊಬ್ಬರು ಸಿಕ್ಕಿದರು. ನಮ್ಮ ಬೆಳಗಾವಿ, ಖಾನಾಪುರ, ಧಾರವಾಡದ ದಖನಿ ಮನೆಗಳ ಅಡುಗೆ? ಚೊಂಗೆ, ಮಲೀದಾ, ಅಂಬಾಡೆಯ ಸಾಲನ್? ನನ್ನ ಕಪಾಟಿನಲ್ಲಿ ಕಮಲಾಬಾಯಿ ಇದ್ದಾರೆ, ಈಗ ಜಿನೆಟ್ ಕೂಡ ಬಂದಿದ್ದಾರೆ. ಅಮ್ಮಿ ಮಾತ್ರ ಇಲ್ಲ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಅಮ್ಮಿಯ ಕೊನೆಯ ಎರಡು ವರ್ಷ ಅವರಿಗೆ ಸಕ್ಕರೆ ಕಾಯಿಲೆ ಜೋರಾಗಿತ್ತು, ಕಣ್ಣು ಮಂಜಾಗಿತ್ತು. ಹದಿನೈದು ದಿನಕ್ಕೊಮ್ಮೆ ಖಾನಾಪುರಕ್ಕೆ ಹೋಗುತ್ತಿದ್ದೆ. ಒಮ್ಮೆ ಮಗನ ಹಳೆಯ ನೋಟ್‌ಬುಕ್ಕನ್ನೂ ಒಯ್ದಿದ್ದೆ, ಎಲ್ಲಾ ಬರೆದುಕೊಳ್ಳಬೇಕೆಂದು. ಆ ನೋಟ್‌ಬುಕ್ ಈಗಲೂ ಇದೆ. ತೆರೆದರೆ ಮೂರು ಪುಟ. ಖಟ್ಟಾ ಸಾಲನ್ ಎಂದು ಹೆಸರು, ಅದರ ಕೆಳಗೆ ಧನಿಯಾ, ಎಳ್ಳು, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಆಮಸೋಲ ಎಂದು ಸಾಮಾನಿನ ಪಟ್ಟಿ. ಕಿರಾಣಿ ಅಂಗಡಿಗೆ ಕೊಡುವ ಚೀಟಿಯ ಹಾಗೆ. ಎಷ್ಟು ಎಂಬುದಿಲ್ಲ, ಮೊದಲು ಯಾವುದು ಎಂಬುದಿಲ್ಲ. ಅಮ್ಮಿ ಹೇಳುತ್ತಿದ್ದರು, ನನಗೆ ಮೂರು ಗಂಟೆಯ ರೈಲು ಹಿಡಿಯುವ ಅವಸರ. "ಮುಂದಿನ ಸಲ ಬರೆದುಕೊಳ್ತೀನಿ ಅಮ್ಮೀ" ಎಂದು ಎದ್ದು ಬಂದೆ. ಮುಂದಿನ ಸಲಗಳು ಬಹಳ ಬಂದವು. ಔಷಧಿ, ಆಸ್ಪತ್ರೆ, ಮಕ್ಕಳ ಪರೀಕ್ಷೆ. ನೋಟ್‌ಬುಕ್ ಮಾತ್ರ ಜೊತೆಗೆ ಹೋಗಲಿಲ್ಲ.

ಅಮ್ಮಿಯ ತಂಗಿ, ನನ್ನ ಖಾಲಾ, ಖಾನಾಪುರದಲ್ಲೇ ಇದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದ, ಕೈ ಮಾತ್ರ ಗಟ್ಟಿ. ಈದ್ ಕಳೆದ ಎರಡನೇ ವಾರ ಒಂದು ವಾಟಿ, ಒಂದು ಚಮಚ, ಆ ನೋಟ್‌ಬುಕ್ಕು ಚೀಲದಲ್ಲಿ ಹಾಕಿಕೊಂಡು ಬೆಳಗಿನ ರೈಲು ಹತ್ತಿದೆ. ದೇಸೂರು, ಇದಲಹೊಂಡ ದಾಟಿ ಖಾನಾಪುರ. ಸ್ಟೇಷನ್ನಿನಿಂದ ಹೋಗುವಾಗಲೇ ಅರ್ಧ ಕಿಲೊ ಮಾಂಸ ತೆಗೆದುಕೊಂಡೆ. ಖಾಲಾ ಒಲೆಯ ಮುಂದೆ ಮಣ್ಣಿನ ಗಡಿಗೆ ಇಟ್ಟುಕೊಂಡು ಕಾಯುತ್ತಿದ್ದರು. ಖಾನಾಪುರದ ಮಣ್ಣು, ಖಾನಾಪುರದ ಕುಂಬಾರರದ್ದೇ ಗಡಿಗೆ. ನಮ್ಮೂರಲ್ಲಿ ಸರಕಾರದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ, ಅಂಥ ಮಣ್ಣು. ಇಂಥ ಗಡಿಗೆಯಲ್ಲದೆ ಸಾಲನ್ ಮಾಡಲು ಅವರು ಒಪ್ಪುವುದಿಲ್ಲ.

ಖಾಲಾ ಧನಿಯಾದ ಡಬ್ಬಿಗೆ ಕೈ ಹಾಕಿ ಮುಷ್ಟಿ ತೆಗೆದರು. ನಾನು ಗಬಕ್ಕನೆ ವಾಟಿ ಹಿಡಿದೆ. "ಖಾಲಾ, ಇದರಲ್ಲಿ ಹಾಕಿ. ಅಳೆದು ಆಮೇಲೆ ಹಂಚಿಗೆ ಹಾಕೋಣ."

ಅವರು ನನ್ನ ಮುಖ ನೋಡಿದರು. ನಮ್ಮ ಮನೆಯ ಮಾತು ದಖನಿಯಾದರೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. "ಅಳೀತಿ ಏನು? ಅಳೆದರ ಬರಕತ್ ಹೋಗತೈತಿ. ಆಯಿಶಾ ಬೀಬಿಯವರ ಜವೆಗೋಧಿ ಏನಾತು, ಗೊತ್ತಿಲ್ಲೇನು?"

ನನಗೆ ಗೊತ್ತಿತ್ತು. ಪ್ರವಾದಿವರ್ಯರು(ಸ) ನಿಧನರಾದಾಗ ಹಝ್ರತ್ ಆಯಿಶಾ(ರ) ಅವರ ಮನೆಯಲ್ಲಿ ಸ್ವಲ್ಪ ಜವೆಗೋಧಿ ಬಿಟ್ಟರೆ ತಿನ್ನಲು ಬೇರೇನೂ ಇರಲಿಲ್ಲ. ಅದರಿಂದಲೇ ತೆಗೆದು ಅವರು ಬಹಳ ದಿನ ಉಂಡರು. ಒಂದು ದಿನ ಎಷ್ಟಿದೆಯೆಂದು ಅಳೆದು ನೋಡಿದರು, ಆಮೇಲೆ ಅದು ಮುಗಿದುಹೋಯಿತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ವಿಷಯ. ಆದರೆ ಆಹಾರಧಾನ್ಯವನ್ನು ಅಳೆದು ಬಳಸುವುದರಲ್ಲಿ ಬರಕತ್ ಇದೆಯೆಂಬ ಅರ್ಥದ ಹದೀಸ್ ಕೂಡ ಬುಖಾರಿಯಲ್ಲೇ ಇದೆ. ಎರಡರ ನಡುವೆ ವಿರೋಧವಿಲ್ಲ, ಕೊಳ್ಳುವಾಗ ಮತ್ತು ಅಡುಗೆಗೆ ತೆಗೆಯುವಾಗ ಅಳೆಯುವುದು ಒಳ್ಳೆಯದು, ಇನ್ನೆಷ್ಟು ಉಳಿದಿದೆಯೋ ಎಂಬ ಆತಂಕದಿಂದ ಕಣಜವನ್ನೇ ಅಳೆಯುವುದು ಬೇಡ ಎಂದು ಆಲಿಮರು ವಿವರಿಸುತ್ತಾರೆ. ಇದನ್ನು ಖಾಲಾನ ಮಂದ ಕಿವಿಗೆ ಮೂರು ಸಲ ಕೂಗಿ ಹೇಳಿದೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. "ಹಂಗಾರ ಡಬ್ಬಿ ಅಳೀಬ್ಯಾಡ, ಕೈಯಾಗಿಂದಷ್ಟೇ ಅಳಿ" ಎಂದರು.

ಹೀಗೆ ಶುರುವಾಯಿತು. ಧನಿಯಾ ಮೂರು ಚಮಚ. ಬಿಳಿ ಎಳ್ಳು ಎರಡು ಚಮಚ. ಒಣಕೊಬ್ಬರಿ ತುರಿದು ಅರ್ಧ ವಾಟಿ. ಬ್ಯಾಡಗಿ ಮೆಣಸಿನಕಾಯಿ ಎಂಟು. ಇವನ್ನು ಒಂದೊಂದಾಗಿ ಹಂಚಿನಲ್ಲಿ ಹುರಿಯಬೇಕು, ಎಳ್ಳು ಕೊನೆಗೆ. ಒಂದೊಂದಕ್ಕೂ ಖಾಲಾ ತೆಗೆಯುವುದು, ನಾನು ಹಿಡಿಯುವುದು, ಬರೆಯುವುದು. ಅಷ್ಟರಲ್ಲಿ ಕೊಬ್ಬರಿ ಹೆಚ್ಚು ಕೆಂಪಾಗಿ ಬೈಗುಳ. ಎರಡು ಸಲ ಅವರು ನನ್ನ ಕಣ್ಣು ತಪ್ಪಿಸಿ ಸೀದಾ ಹಾಕಿಬಿಟ್ಟರು, ನಾನು ಹಂಚಿನಿಂದ ತೆಗೆದು ಅಳೆದೆ. ಕಮಲಾಬಾಯಿ ಇಷ್ಟು ದೊಡ್ಡ ಪುಸ್ತಕಕ್ಕೆ ಇಂಥ ಎಷ್ಟು ಸಲ ಅಳೆದಿರಬೇಕು ಎಂದು ಆಗ ಅನಿಸಿತು. ಒಂದು ಸಾಲನ್‌ಗೆ ನನ್ನ ಸೆರಗು ಬೆವರಿನಿಂದ ಒದ್ದೆಯಾಗಿತ್ತು.

ಆಮಸೋಲ ಬಂದಾಗ ನಾನು ಉಸಿರು ಬಿಗಿಹಿಡಿದು ಎಣಿಸಿದೆ. ಏಳು. ಅರ್ಧ ವಾಟಿ ಬಿಸಿನೀರಿನಲ್ಲಿ ನೆನೆಸಿ, ಮಾ೦ಸ ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಮಾಂಸ ಗಟ್ಟಿಯಾಗಿ ಉಳಿಯುತ್ತದೆ. ಮಗಳು ಎಷ್ಟು ಹಾಕಿದ್ದಳೆಂದು ಆಮೇಲೆ ಕೇಳಿದಾಗ ಹದಿನೆಂಟು ಎಂದಳು!

ಊಟಕ್ಕೆ ಕುಳಿತೆವು. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಆದರೆ ಅದು ಅಮ್ಮಿಯದಲ್ಲ, ಖಾಲಾನದು. ಹೇಳಲೋ ಬೇಡವೋ ಎಂದು ತುತ್ತು ಕೈಯಲ್ಲಿ ಹಿಡಿದು ಕುಳಿತಿದ್ದೆ. ಖಾಲಾಗೇ ತಿಳಿಯಿತು. "ಆಪಾ ಮಾಡಿದ್ಹಂಗ ಆಗಿಲ್ಲ, ಹೌದಲ್ಲ?" ಎಂದರು. ತಲೆಯಾಡಿಸಿದೆ. "ಹೆಂಗ ಆಗಬೇಕು? ಆಪಾ ಉಳ್ಳಾಗಡ್ಡಿ ಹೆಚ್ಚಿ ಹುರೀತಿದ್ದಿಲ್ಲ. ಸಿಪ್ಪಿ ಸಮೇತ ಇಡೀ ಗಡ್ಡಿ ಕೆಂಡದಾಗ ಹುಗಿದು ಸುಡ್ತಿದ್ದಳು. ಕರ್ರಗಾದ ಮ್ಯಾಲೆ ಸಿಪ್ಪಿ ತೆಗೆದು ಮಸಾಲಿ ಜೋಡಿ ಅರೀತಿದ್ದಳು. ನನಗ ಆ ವಾಸನಿ ಸೇರೂದಿಲ್ಲ, ನಾ ಮಾಡೂದಿಲ್ಲ."

ಕೆಂಡ! ನನಗೆ ಒಮ್ಮೆಲೇ ನೆನಪಾಯಿತು. ಶುಕ್ರವಾರ ಮಧ್ಯಾಹ್ನ ಶಾಲೆಯಿಂದ ಬರುವಾಗ ಓಣಿಯ ತುದಿಗೇ ಸುಟ್ಟ ಉಳ್ಳಾಗಡ್ಡಿಯ ವಾಸನೆ ಬರುತ್ತಿತ್ತು. ಅದು ನಮ್ಮ ಮನೆಯದೆಂದು ಮೂಗಿಗೆ ಗೊತ್ತಿತ್ತು. ಇಷ್ಟು ವರ್ಷ ನಾನು ಧನಿಯಾ ಹೆಚ್ಚಿಸಿ, ಎಳ್ಳು ತಗ್ಗಿಸಿ, ಹುಳಿ ಬದಲಿಸಿ ಹುಡುಕುತ್ತಿದ್ದುದು ಅದನ್ನೇ. ನನ್ನ ಮನೆಯಲ್ಲಿ ಗ್ಯಾಸು, ಕೆಂಡವಿಲ್ಲ. ಅದಕ್ಕೇ ತೋಚಿರಲಿಲ್ಲ. ಅಮ್ಮಿಯನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದರು. ಕೈ ತೊಳೆಯದೆ ಎಡಗೈಯಲ್ಲೇ ನೋಟ್‌ಬುಕ್ ಎಳೆದು ಅಕ್ಷರ ಸೊಟ್ಟಗಾದರೂ ಬರೆದುಕೊಂಡೆ: ದೊಡ್ಡ ಉಳ್ಳಾಗಡ್ಡಿ 2, ಸಿಪ್ಪೆ ಸಮೇತ, ಕೆಂಡದಲ್ಲಿ. ಖಾಲಾ ನನ್ನ ಮುಖ ನೋಡದೆ ರೊಟ್ಟಿ ಮುರಿದು ಹಾಕಿದರು.

ಬೆಳಗಾವಿಗೆ ಬಂದವಳು ಮರುದಿನವೇ ಗ್ಯಾಸಿನ ಉರಿಯ ಮೇಲೆ ಜಾಳಿಗೆ ಇಟ್ಟು ಉಳ್ಳಾಗಡ್ಡಿ ಸುಟ್ಟು ನೋಡಿದೆ. ಕೆಂಡದಷ್ಟಲ್ಲದಿದ್ದರೂ ಹತ್ತಿರ ಬಂತು. ನಮ್ಮವರು ಒಂದು ತುತ್ತು ಬಾಯಿಗಿಟ್ಟು, "ಇದು ನಿಮ್ಮ ಅಮ್ಮಿಯ ಮನೆಯದು" ಎಂದರು. ಅವರು ಅಡುಗೆಯ ವಿಷಯಕ್ಕೆ ಬಾಯಿಬಿಡುವವರಲ್ಲ. ಅಲ್‌ಹಮ್ದುಲಿಲ್ಲಾಹ್ ಎಂದೆ.

ಅಂದೇ ರಾತ್ರಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಶುದ್ಧವಾಗಿ ಬರೆದು ಫೋಟೋ ತೆಗೆದು ಮಗಳಿಗೆ ಕಳಿಸಿದೆ. ವಾಟಿಯ ಫೋಟೋ ಕೂಡ ಕಳಿಸಿದೆ, ಗೊಂದಲವಾಗದಿರಲೆಂದು. ಐದು ನಿಮಿಷಕ್ಕೆ ಅವಳ ಫೋನು ಬಂತು.

"ಅಮ್ಮೀ, ಎಲ್ಲಾ ಸರಿ ಇದೆ. ಉಪ್ಪು ಎಷ್ಟು?"

ನೋಟ್‌ಬುಕ್ ತೆಗೆದು ನೋಡಿದೆ. ಉಪ್ಪು ಎಂದು ಬರೆದಿದ್ದೆ, ಅದರ ಮುಂದೆ ಖಾಲಿ. ನಾನು ಝೊಹರ್ ನಮಾಝಿಗೆ ಎದ್ದಾಗ ಖಾಲಾ ಹಾಕಿಬಿಟ್ಟಿದ್ದರು. ಬರುವ ರವಿವಾರ ಮತ್ತೆ ಖಾನಾಪುರಕ್ಕೆ ಹೋಗುತ್ತಿದ್ದೇನೆ. ಚೊಂಗೆಯೂ ಮಾಡಿ ತೋರಿಸುತ್ತೇನೆ, ಆದರೆ ಬೆಲ್ಲ ಅಳೆಯಲು ಬಿಡುವುದಿಲ್ಲ ಎಂದು ಖಾಲಾ ಈಗಲೇ ಹೇಳಿ ಕಳಿಸಿದ್ದಾರೆ.